ರಿಜಿಸ್ಟ್ರಿ ಕೆಟ್ಟ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡದೆ ಎಬ್ಬಿಸಿಕೊಟ್ಟ ಶಿರಸಿಯ ಅಂಗಡಿ

ಕಂಪ್ಯೂಟರ್ ರಿಪೇರಿ ಮಾಡುವವರು ಎಂಥವರು ಎಂದು ತಿಳಿಯಲು ನಾನು ಒಂದನ್ನೇ ಗಮನಿಸುತ್ತೇನೆ. ಕೆಟ್ಟ ಯಂತ್ರವನ್ನು ಮೇಜಿನ ಮೇಲಿಟ್ಟಾಗ ಅವರ ಕೈ ಮೊದಲು ಯಾವುದಕ್ಕೆ ಹೋಗುತ್ತದೆ? ವಿಂಡೋಸ್ ಹಾಕುವ ಪೆನ್‌ಡ್ರೈವಿಗೆ ಹೋದರೆ ಯಂತ್ರವನ್ನು ಎತ್ತಿಕೊಂಡು ಹೊರಡುವುದೇ ಸರಿ. ಖಾಲಿ ಡಿಸ್ಕಿಗೆ ಹೋದರೆ, ಅಂದರೆ ಇದ್ದದ್ದನ್ನು ಇದ್ದ ಹಾಗೆ ಮೊದಲು ನಕಲು ಮಾಡಿಟ್ಟುಕೊಳ್ಳಲು ಹೊರಟರೆ, ಅಲ್ಲಿ ಕುಳಿತು ಮಾತನಾಡಬಹುದು. ಶಿರಸಿಯ ದೇವಿಕೆರೆಯಿಂದ ಸ್ವಲ್ಪ ಮುಂದೆ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿರುವ ಈ ಅಂಗಡಿ ಎರಡನೆಯ ಬಗೆಯದು. ಒಬ್ಬರೇ ನಡೆಸುತ್ತಾರೆ, ಸಹಾಯಕ್ಕೆ ಒಬ್ಬ ಹುಡುಗನಿದ್ದಾನೆ. ಅಂಗಡಿಯ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಹಾಕಬೇಡಿ, ಈಗ ಬರುತ್ತಿರುವ ಕೆಲಸವೇ ಹೊತ್ತಿಗೆ ಮುಗಿಯುತ್ತಿಲ್ಲ ಎಂದು ಅವರು ಕೇಳಿಕೊಂಡಿದ್ದರಿಂದ ಹಾಕಿಲ್ಲ. ಕೆರೆಯ ಸುತ್ತಲಿನ ಅಂಗಡಿಗಳಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ನಾನು ಹುಲೇಕಲ್ ಕಡೆಯವಳು. ಮನೆಯಲ್ಲಿಯೇ ಡಿಟಿಪಿ ಮಾಡುತ್ತೇನೆ. ಮದುವೆ, ಉಪನಯನದ ಕರೆಯೋಲೆಗಳು, ಯಕ್ಷಗಾನದ ಕರಪತ್ರಗಳು, ದೇವಸ್ಥಾನಗಳ ರಸೀದಿ ಪುಸ್ತಕಗಳು. ಮಳೆಗಾಲ ಹಿಡಿಯಿತೆಂದರೆ ಸುತ್ತಲಿನ ಸಹಕಾರಿ ಸಂಘಗಳ ವಾರ್ಷಿಕ ವರದಿಗಳು. ಸಂಘಗಳ ವಾರ್ಷಿಕ ಸಭೆಗಳೆಲ್ಲ ಸೆಪ್ಟೆಂಬರಿನೊಳಗೆ ಮುಗಿಯಬೇಕಾದ್ದರಿಂದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನನಗೆ ಬಿಡುವಿರುವುದಿಲ್ಲ. ಕೆಲಸವೆಲ್ಲ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ಅಕ್ಷರ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದರ ನಂತರ ಎಷ್ಟೋ ಹೊಸ ತಂತ್ರಾಂಶಗಳು ಬಂದಿವೆ. ಆದರೆ ಈ ಭಾಗದ ಮುದ್ರಣಾಲಯಗಳಿಗೆ ನಾನು ಕಳಿಸುವ ಫೈಲುಗಳು, ಹಳೆಯ ವರ್ಷಗಳ ವರದಿಗಳು, ಕರೆಯೋಲೆಯ ನಮೂನೆಗಳು ಎಲ್ಲವೂ ಅದರಲ್ಲೇ ಇವೆ. ಹಳೆಯ ತಂತ್ರಾಂಶವನ್ನು ಹೊಸ ವಿಂಡೋಸಿನ ಮೇಲೆ ಕೂರಿಸುವುದು, ಫಾಂಟುಗಳನ್ನು ಒಂದೊಂದಾಗಿ ಸೇರಿಸುವುದು, ಒತ್ತಕ್ಷರಗಳು ಸರಿಯಾಗಿ ಬೀಳುತ್ತಿವೆಯೇ ಎಂದು ಪ್ರತಿ ಪುಟದಲ್ಲೂ ನೋಡುವುದು ಎಷ್ಟು ಕಷ್ಟದ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ಆದ್ದರಿಂದ ‘ಡೇಟಾ ಎಲ್ಲ ತೆಗೆದುಕೊಡುತ್ತೇವೆ, ವಿಂಡೋಸ್ ಮಾತ್ರ ಹೊಸದಾಗಿ ಹಾಕುತ್ತೇವೆ’ ಎಂಬ ಭರವಸೆ ನನ್ನಂಥವರಿಗೆ ಭರವಸೆಯೇ ಅಲ್ಲ. ಕಡತಗಳು ಉಳಿದು, ಅವುಗಳನ್ನು ತೆರೆಯುವ ವ್ಯವಸ್ಥೆ ಹೋದರೆ ಸಂಘದ ಕಾರ್ಯದರ್ಶಿಗಳಿಗೆ ಏನೆಂದು ಉತ್ತರಿಸಬೇಕು?

ಜುಲೈ ತಿಂಗಳಲ್ಲಿ ಒಂದು ಸಂಜೆ ಗಾಳಿಮಳೆಗೆ ವಿದ್ಯುತ್ ಹೋಗಿ ಬಂದು, ಹೋಗಿ ಬಂದು ಮಾಡಿತು. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಅಷ್ಟು ಹೊತ್ತು ತಾಳಲಿಲ್ಲ. ಮತ್ತೆ ಆನ್ ಮಾಡಿದಾಗ ನೀಲಿ ಪರದೆ ಬಂತು: ಸಿಸ್ಟಮ್ ರಿಜಿಸ್ಟ್ರಿಯ ಫೈಲ್ ಇಲ್ಲ ಅಥವಾ ಅದರಲ್ಲಿ ದೋಷಗಳಿವೆ, ಆದ್ದರಿಂದ ಆಪರೇಟಿಂಗ್ ಸಿಸ್ಟಮ್ ಲೋಡ್ ಆಗುತ್ತಿಲ್ಲ ಎಂಬ ಒಕ್ಕಣೆ, ಅದರ ಕೆಳಗೆ ವಿಂಡೋಸ್ ಫೋಲ್ಡರಿನ ಒಳಗಿನ, ಸಿಸ್ಟಮ್32ರ ಒಳಗಿನ, ಕಾನ್ಫಿಗ್ ಎಂಬಲ್ಲಿಯ ‘ಸಿಸ್ಟಮ್’ ಎಂಬ ಕಡತದ ವಿಳಾಸ. ಎಷ್ಟು ಸಲ ರಿಸ್ಟಾರ್ಟ್ ಮಾಡಿದರೂ ಅದೇ ಪರದೆ. ವಿಂಡೋಸ್ ತಾನಾಗಿಯೇ ಆರಂಭಿಸುವ ಸ್ವಯಂ ದುರಸ್ತಿ ಕೂಡ ಕೊನೆಗೆ ಕೈಚೆಲ್ಲಿತು. ಆ ನೀಲಿ ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಯಂತ್ರವನ್ನು ಮೊದಲು ಒಯ್ದ ಅಂಗಡಿಯಲ್ಲಿ ಆ ಫೋಟೋವನ್ನು ನೋಡಲೂ ಇಲ್ಲ. ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, ಸಂಜೆ ಬನ್ನಿ’ ಎಂದರು. ಊರಲ್ಲಿ ಬಹುಪಾಲು ಕಡೆ ಸಿಗುವ ಉತ್ತರ ಇದೇ. ಅವರಿಗೆ ಅದು ಬೇಗ ಮುಗಿಯುವ ಕೆಲಸ, ಖಚಿತವಾಗಿ ಹಣ ಬರುವ ಕೆಲಸ. ಕಾಲೇಜಿನ ಹುಡುಗರ ಲ್ಯಾಪ್‌ಟಾಪಿಗೆ ಅದು ಸರಿಹೋಗುತ್ತದೆಯೋ ಏನೋ, ನನಗೆ ಸರಿಹೋಗುವುದಿಲ್ಲ. ರಿಜಿಸ್ಟ್ರಿ ಎಂದರೇನು ಎಂದು ತಿಳಿಯದವರಿಗಾಗಿ ಇಷ್ಟು ಹೇಳುತ್ತೇನೆ. ಸಂಘದ ಗೋದಾಮಿನಲ್ಲಿ ಅಡಿಕೆ ಚೀಲಗಳೆಲ್ಲ ಇದ್ದ ಹಾಗೆಯೇ ಇದ್ದು, ಯಾವ ಚೀಲ ಯಾರದು, ಯಾರಿಗೆ ಎಷ್ಟು ಸಂದಿದೆ ಎಂದು ಬರೆದ ಲೆಡ್ಜರ್ ಮಾತ್ರ ನೀರಿನಲ್ಲಿ ತೊಯ್ದು ಹೋದರೆ ಏನಾಗುತ್ತದೋ, ವಿಂಡೋಸಿನಲ್ಲಿ ರಿಜಿಸ್ಟ್ರಿ ಕೆಟ್ಟಾಗ ಆಗುವುದೂ ಅದೇ. ಯಂತ್ರದಲ್ಲಿ ಯಾವ ಚಾಲಕಗಳಿವೆ (ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರುಗಳು), ಯಾವ ಸೇವೆ ಯಾವಾಗ ಶುರುವಾಗಬೇಕು, ಯಾವ ತಂತ್ರಾಂಶ ಎಲ್ಲಿದೆ, ಯಾವ ಫಾಂಟ್ ಯಾವ ಫೈಲಿನಲ್ಲಿದೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಅದು ಒಂದೇ ಕಡತವೂ ಅಲ್ಲ. ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್ ಎಂಬ ಐದು ಮುಖ್ಯ ಕಡತಗಳು ಕಾನ್ಫಿಗ್ ಫೋಲ್ಡರಿನಲ್ಲಿರುತ್ತವೆ. ಪ್ರತಿಯೊಬ್ಬ ಬಳಕೆದಾರರ ಹೆಸರಿನ ಫೋಲ್ಡರಿನಲ್ಲಿ ಅವರವರದೇ ಇನ್ನೊಂದು ಕಡತ ಇರುತ್ತದೆ. ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತಲ್ಲ. ಈ ಒಂದು ವಿಷಯ ಗೊತ್ತಿರುವವರು ಯಾರೂ ನೀಲಿ ಪರದೆಯಲ್ಲಿ ಬಂದಿರುವ ಕಡತದ ಹೆಸರನ್ನು ಓದದೆ ಬಿಡುವುದಿಲ್ಲ.

ಮಹಡಿಯ ಅಂಗಡಿಯವರು ಫೋಟೋವನ್ನು ದೊಡ್ಡದು ಮಾಡಿ ಓದಿದರು. ನಂತರ ಕೇಳಿದ ಪ್ರಶ್ನೆಗಳು ಹೀಗಿದ್ದವು: ಕೊನೆಯ ಬಾರಿ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ? ಆಮೇಲೆ ಏನಾದರೂ ಹೊಸದಾಗಿ ಹಾಕಿದ್ದೀರಾ? ಇತ್ತೀಚೆಗೆ ಫೈಲ್ ತೆರೆಯುವಾಗ ತಡವಾಗುತ್ತಿತ್ತೇ, ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತೇ? ಯಂತ್ರವನ್ನು ಇನ್ನು ಆನ್ ಮಾಡಲೇಬಾರದು ಎಂದು ಹೇಳಿ ಹಾರ್ಡ್‌ಡಿಸ್ಕನ್ನು ಬಿಚ್ಚಿ ಹೊರತೆಗೆದರು. ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ಉಪಕರಣದಿಂದ ಇಡೀ ಡಿಸ್ಕಿನ ನಕಲು ಆರಂಭಿಸಿದರು. ಅದು ಕೆಲಸ ಮಾಡುವ ಕ್ರಮವನ್ನು ನನಗೆ ಬಿಡಿಸಿ ಹೇಳಿದ್ದು ಅವರ ದೊಡ್ಡ ಗುಣ. ಸಾಮಾನ್ಯ ಕಾಪಿಯಲ್ಲಿ ಓದಲಾಗದ ಜಾಗ ಸಿಕ್ಕಿದರೆ ಡಿಸ್ಕ್ ಅಲ್ಲಿಯೇ ತಡಕಾಡುತ್ತ ಇನ್ನಷ್ಟು ದಣಿಯುತ್ತದೆ. ಇದು ಹಾಗಲ್ಲ, ಮೊದಲು ಸಲೀಸಾಗಿ ಓದಲು ಸಿಗುವ ಭಾಗವನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಗಳನ್ನು ಗುರುತು ಹಾಕಿಟ್ಟು, ಆಮೇಲೆ ಅವುಗಳ ಬಳಿಗೆ ಹಿಂದಿರುಗುತ್ತದೆ. ನಡುವೆ ವಿದ್ಯುತ್ ಹೋದರೂ ನಕ್ಷೆಯ ಫೈಲ್ ನೋಡಿಕೊಂಡು ನಿಂತಲ್ಲಿಂದ ಮುಂದುವರಿಯುತ್ತದೆ. ಶಿರಸಿಯ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಗುಣ ಇನ್ನೊಂದಿಲ್ಲ. ಪರದೆಯ ಮೇಲೆ ಉಳಿದ ಭಾಗವೆಷ್ಟು, ಕೆಟ್ಟ ಜಾಗಗಳೆಷ್ಟು ಎಂಬ ಅಂಕಿಗಳು ಓಡುತ್ತಿದ್ದವು. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ. ನನ್ನ ಮೂಲ ಡಿಸ್ಕನ್ನು ಒಂದು ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು ಕಪಾಟಿನಲ್ಲಿಟ್ಟರು.

ನಕಲಿನಲ್ಲಿ ಕಾನ್ಫಿಗ್ ಫೋಲ್ಡರನ್ನು ನನ್ನೆದುರಿಗೇ ತೆರೆದರು. ಸಿಸ್ಟಮ್ ಎಂಬ ಕಡತ ಇತ್ತು, ಅದರ ಗಾತ್ರವೂ ಸರಿಯಾಗಿಯೇ ಕಾಣುತ್ತಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಫೈಲ್ ಸರಿ ಇದೆ ಎಂದುಕೊಳ್ಳಬೇಕಿತ್ತು. ಅವರು ಅದನ್ನು, ಕಡತದ ಒಂದೊಂದು ಬೈಟನ್ನೂ ಇದ್ದ ಹಾಗೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರು. ರಿಜಿಸ್ಟ್ರಿಯ ಯಾವ ಕಡತವೇ ಆಗಲಿ, ಅದರ ಮೊದಲ ನಾಲ್ಕು ಬೈಟುಗಳಲ್ಲಿ ಆರ್, ಇ, ಜಿ, ಎಫ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿರಬೇಕಂತೆ. ಪಕ್ಕದಲ್ಲಿದ್ದ ಸಾಫ್ಟ್‌ವೇರ್ ಎಂಬ ಕಡತವನ್ನು ತೆರೆದಾಗ ಆ ನಾಲ್ಕು ಅಕ್ಷರಗಳು ಎಡತುದಿಯಲ್ಲಿ ಸ್ಪಷ್ಟವಾಗಿ ಕಂಡವು. ಅದರ ಕೆಳಗೆ 4096 ಬೈಟುಗಳ ತಲೆಭಾಗ ಮುಗಿದ ಕೂಡಲೇ ಮುಂದಿನ ಖಾನೆಯ ಗುರುತು. ಸಿಸ್ಟಮ್ ಕಡತದಲ್ಲಿ ಅಲ್ಲೆಲ್ಲ ಸೊನ್ನೆ. ಕೆಳಗೆ ಜಾರಿಸುತ್ತ ಹೋದರೆ ಪುಟದ ಮೇಲೆ ಪುಟ ಸೊನ್ನೆ, ನಡುವೆ ಎಲ್ಲೋ ಒಂದಿಷ್ಟು ಬರಹ, ಮತ್ತೆ ಸೊನ್ನೆ. ಹೊಟ್ಟೆಯೊಳಗೆ ಸಂಕಟವಾಯಿತು. ಆದರೆ ಅದೇ ಕ್ಷಣ ನನಗೆ ಸಿಕ್ಕ ಸಮಾಧಾನವೂ ದೊಡ್ಡದು, ಏಕೆಂದರೆ ಫಾಂಟುಗಳ ಪಟ್ಟಿ ಇರುವುದು ಸಾಫ್ಟ್‌ವೇರ್ ಕಡತದಲ್ಲಿ, ಹಾಳಾದದ್ದು ಅದಲ್ಲ. ನುಡಿ, ಪೇಜ್‌ಮೇಕರ್ ಎರಡರ ದಾಖಲೆಗಳೂ ಅಲ್ಲಿ ಕ್ಷೇಮವಾಗಿದ್ದವು.

ಇನ್ನು ಸಿಸ್ಟಮ್ ಕಡತಕ್ಕೆ ಒಂದು ಒಳ್ಳೆಯ ಪ್ರತಿ ಬೇಕು. ಅದನ್ನು ಎಲ್ಲಿಂದ ತರುವುದು? ಮನೆಯಲ್ಲಿ ತಾವೇ ಪ್ರಯತ್ನಿಸುವವರು ಇಲ್ಲಿಯೇ ಎಡವುತ್ತಾರೆ ಎಂದು ಅವರು ಹೇಳಿದ್ದನ್ನು ಎಲ್ಲರೂ ಗಮನಿಸಬೇಕು. ಕಾನ್ಫಿಗ್ ಫೋಲ್ಡರಿನ ಒಳಗೇ ರೆಗ್‌ಬ್ಯಾಕ್ ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. ಮೊದಲೆಲ್ಲ ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ಒಂದು ಪ್ರತಿಯನ್ನು ಅಲ್ಲಿ ಇಡುತ್ತಿತ್ತು. ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿಯಾದ ಕಮಾಂಡ್ ಪ್ರಾಂಪ್ಟಿನಲ್ಲಿ ಅಲ್ಲಿಂದ ಐದು ಕಡತಗಳನ್ನು ಹೊರಗೆ ಕಾಪಿ ಮಾಡಿದರೆ ಯಂತ್ರ ಎದ್ದು ಕೂರುತ್ತಿತ್ತು. ಇಂದಿಗೂ ಆ ಉಪಾಯವನ್ನು ಹೇಳಿಕೊಡುವ ವಿಡಿಯೋಗಳು ತುಂಬ ಇವೆ. ಆದರೆ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಈಚೆಗೆ, ಡಿಸ್ಕಿನಲ್ಲಿ ವಿಂಡೋಸ್ ತಿನ್ನುವ ಜಾಗವನ್ನು ಕಡಿಮೆ ಮಾಡುವ ಸಲುವಾಗಿ, ಆ ಪ್ರತಿ ತೆಗೆಯುವುದನ್ನು ನಿಲ್ಲಿಸಲಾಗಿದೆ. ಫೋಲ್ಡರ್ ಇದೆ, ಐದು ಹೆಸರುಗಳೂ ಇವೆ, ಗಾತ್ರ ಮಾತ್ರ ಸೊನ್ನೆ ಕೆಬಿ. ನನ್ನ ಯಂತ್ರದಲ್ಲಿ ಅವರು ಅದನ್ನೂ ತೆರೆದು ತೋರಿಸಿದರು, ಐದಕ್ಕೆ ಐದೂ ಸೊನ್ನೆ. ಗಾತ್ರ ನೋಡದೆ ಆ ಖಾಲಿ ಕಡತಗಳನ್ನು ಒಳ್ಳೆಯ ಕಡತಗಳ ಮೇಲೆ ಕಾಪಿ ಮಾಡಿದರೆ, ಒಂದು ಕೆಟ್ಟದ್ದರ ಜೊತೆಗೆ ಉಳಿದ ನಾಲ್ಕೂ ಹೋಗುತ್ತವೆ. ಹಾಗೆ ಮಾಡಿಕೊಂಡು ಬಂದ ಯಂತ್ರಗಳು ಅವರ ಬಳಿಗೆ ಆಗಾಗ ಬರುತ್ತವಂತೆ. ದುರಸ್ತಿಗೆಂದು ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಡ್ರೈವಿನ ಅಕ್ಷರಗಳೂ ಅದಲುಬದಲಾಗುತ್ತವೆ. ನಾವು ಸಿ ಎಂದುಕೊಂಡದ್ದು ಅಲ್ಲಿ ಡಿ ಆಗಿರಬಹುದು. ಆದ್ದರಿಂದ ಏನನ್ನಾದರೂ ಟೈಪ್ ಮಾಡುವ ಮೊದಲು ಪಟ್ಟಿ ತೆಗೆಸಿ ನೋಡಿಕೊಳ್ಳಬೇಕು.

ಅವರು ಮೊದಲು ನೋಡಿದ್ದು ಲಾಗ್ ಕಡತಗಳನ್ನು. ರಿಜಿಸ್ಟ್ರಿಯ ಪ್ರತಿ ಕಡತದ ಪಕ್ಕದಲ್ಲಿ ಲಾಗ್1, ಲಾಗ್2 ಎಂಬ ಜೊತೆಗಾರರಿರುತ್ತಾರೆ. ಬದಲಾವಣೆಗಳು ಮೊದಲು ಅಲ್ಲಿ ದಾಖಲಾಗಿ ಆಮೇಲೆ ಮುಖ್ಯ ಕಡತಕ್ಕೆ ಇಳಿಯುತ್ತವೆ. ವಿದ್ಯುತ್ ಹೋಗಿ ಅರ್ಧಕ್ಕೆ ನಿಂತ ಬರಹವನ್ನು ಇವುಗಳ ಸಹಾಯದಿಂದ ಪೂರ್ತಿ ಮಾಡಿಕೊಳ್ಳಬಹುದು. ಬಹುಪಾಲು ವಿದ್ಯುತ್ ವ್ಯತ್ಯಯಗಳನ್ನು ವಿಂಡೋಸ್ ನಮಗೆ ತಿಳಿಯದಂತೆಯೇ ಹೀಗೆ ದಾಟಿಬಿಡುತ್ತದೆ. ಆದರೆ ಲಾಗಿನಲ್ಲಿರುವುದು ಇತ್ತೀಚಿನ ಬದಲಾವಣೆಗಳಷ್ಟೇ, ಇಡೀ ಕಡತವಲ್ಲ. ನನ್ನ ಕಡತದ ಹೆಚ್ಚಿನ ಭಾಗವೇ ಇರಲಿಲ್ಲವಾದ್ದರಿಂದ ಆ ದಾರಿ ಮುಚ್ಚಿತ್ತು. ಎರಡನೆಯ ದಾರಿ ರಿಸ್ಟೋರ್ ಪಾಯಿಂಟ್. ನನ್ನ ಯಂತ್ರದಲ್ಲಿ ಅದನ್ನು ಸೃಷ್ಟಿಸುವ ಸಿಸ್ಟಮ್ ಪ್ರೊಟೆಕ್ಷನ್ ಆನ್ ಇತ್ತು. ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ, ಆದ್ದರಿಂದ ಇದನ್ನು ಓದುತ್ತಿರುವವರು ಈಗಲೇ ತಮ್ಮದನ್ನು ನೋಡಿಕೊಳ್ಳಬೇಕು. ಆನ್ ಇದ್ದರೆ, ಅಪ್‌ಡೇಟ್ ಅಥವಾ ಹೊಸ ಚಾಲಕ ಹಾಕುವ ಮೊದಲು ವಿಂಡೋಸ್ ಡಿಸ್ಕಿನ ಆ ಹೊತ್ತಿನ ಸ್ಥಿತಿಯನ್ನು ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ರೂಪದಲ್ಲಿ ಹಿಡಿದಿಡುತ್ತದೆ. ಅದರೊಳಗೆ ರಿಜಿಸ್ಟ್ರಿಯೂ ಇರುತ್ತದೆ.

ಇಲ್ಲಿ ಅವರು ತೋರಿಸಿದ ವಿವೇಚನೆ ನನಗೆ ತುಂಬ ಹಿಡಿಸಿತು. ಸಿಸ್ಟಮ್ ರಿಸ್ಟೋರ್ ಒತ್ತಿಬಿಟ್ಟಿದ್ದರೆ ರಿಜಿಸ್ಟ್ರಿಯ ಎಲ್ಲ ಕಡತಗಳೂ ಆ ಹಳೆಯ ದಿನಾಂಕಕ್ಕೆ ಹಿಂದಿರುಗುತ್ತಿದ್ದವು. ದಾಖಲೆಗಳಿಗೆ ಏನೂ ಆಗುವುದಿಲ್ಲ, ಆದರೆ ಆ ದಿನಾಂಕದ ನಂತರ ಹಾಕಿದ ತಂತ್ರಾಂಶಗಳು ಹೋಗುತ್ತವೆ. ನಾನು ಒಂದು ಸಂಘದ ವರದಿಗೆಂದು ಹೊಸ ಫಾಂಟುಗಳ ಗುಂಪೊಂದನ್ನು ಸೇರಿಸಿದ್ದು ಆ ದಿನಾಂಕದ ನಂತರವೇ. ಅದನ್ನು ಅವರು ಕೇಳಿ ತಿಳಿದುಕೊಂಡಿದ್ದರು. ಆದ್ದರಿಂದ ಶ್ಯಾಡೋ ಕಾಪಿಯೊಳಗಿನಿಂದ ಸಿಸ್ಟಮ್ ಎಂಬ ಒಂದೇ ಕಡತವನ್ನು ಹೆಕ್ಕಿ ತೆಗೆದರು. ಹೆಕ್ಸ್ ಎಡಿಟರಿನಲ್ಲಿ ಅದರ ಮೊದಲ ನಾಲ್ಕು ಅಕ್ಷರಗಳನ್ನು ನೋಡಿದರು. ತಮ್ಮ ಯಂತ್ರದ ರಿಜಿಸ್ಟ್ರಿ ಎಡಿಟರಿಗೆ ಅದನ್ನು ತಾತ್ಕಾಲಿಕವಾಗಿ ಲೋಡ್ ಮಾಡಿ, ಒಳಗಿನ ಕೊಂಬೆಗಳು (ವಿಭಾಗಗಳು) ತೆರೆಯುತ್ತವೆಯೇ ಎಂದು ಪರೀಕ್ಷಿಸಿ, ಅನ್‌ಲೋಡ್ ಮಾಡಿದರು. ಆಮೇಲೆ ಹಳೆಯ ಕೆಟ್ಟ ಕಡತದ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಒಳ್ಳೆಯದನ್ನು ಅದರ ಜಾಗಕ್ಕೆ ಹಾಕಿದರು. ಅಳಿಸಲಿಲ್ಲ. ಈ ಇಡೀ ಕೆಲಸದಲ್ಲಿ ಅವರು ಏನನ್ನೂ ಅಳಿಸಿದ್ದನ್ನು ನಾನು ನೋಡಲಿಲ್ಲ.

ನಕಲನ್ನು ಹೊಸ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ಡಿಸ್ಕಿಗೆ) ಇಳಿಸಿ ನನ್ನ ಯಂತ್ರಕ್ಕೆ ಜೋಡಿಸಿದಾಗ ವಿಂಡೋಸ್ ಎದ್ದಿತು. ನನ್ನ ಡೆಸ್ಕ್‌ಟಾಪಿನ ಮೇಲೆ ಅದೇ ಕ್ರಮದಲ್ಲಿ ಅವೇ ಐಕಾನುಗಳು. ಪೇಜ್‌ಮೇಕರ್ ತೆರೆದು, ಅರ್ಧ ಮುಗಿದಿದ್ದ ವರದಿಯ ಜಮಾಖರ್ಚಿನ ಪುಟವನ್ನು ನೋಡಿದೆ. ಒತ್ತಕ್ಷರಗಳು, ಅಂಕಿಯ ಸಾಲುಗಳು ಎಲ್ಲ ಇದ್ದಲ್ಲೇ ಇದ್ದವು. ಆಗ ಆದ ಸಂತೋಷವನ್ನು ಬರೆದು ತಿಳಿಸಲಾರೆ. ಒಂದೇ ಒಂದು ಕೊರತೆ: ಪ್ರಿಂಟರಿನ ಹೆಸರು ಪಟ್ಟಿಯಲ್ಲಿತ್ತು, ಕಾಗದ ಮಾತ್ರ ಹೊರಬರಲಿಲ್ಲ. ಪ್ರಿಂಟರಿನ ಚಾಲಕದ ದಾಖಲೆ ಸಿಸ್ಟಮ್ ಕಡತದಲ್ಲಿರುತ್ತದೆ, ನಾವು ಹಾಕಿದ್ದು ಆ ಪ್ರಿಂಟರ್ ಬರುವುದಕ್ಕಿಂತ ಹಿಂದಿನ ಪ್ರತಿ, ಆದ್ದರಿಂದ ಚಾಲಕವನ್ನು ಮತ್ತೆ ಹಾಕಬೇಕು ಎಂದರು. ಹಾಕಿದ ಮೇಲೆ ಸರಿಯಾಯಿತು. ಹೀಗಾಗಬಹುದು ಎಂದು ಮೊದಲೇ ಎಚ್ಚರಿಸಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ.

ಅವರು ಈ ಕೆಲಸಕ್ಕೆ ಇಳಿದದ್ದು ವಿಂಡೋಸ್ 98ರ ಕಾಲದಲ್ಲಿ. ಆಗಿನದನ್ನು ನೆನೆಯುವಾಗ ಅವರ ಮುಖ ಅರಳುತ್ತದೆ. ಆ ವಿಂಡೋಸ್ ರಿಜಿಸ್ಟ್ರಿಯ ಐದು ಹಳೆಯ ಪ್ರತಿಗಳನ್ನು ತಾನೇ ಕಟ್ಟಿಟ್ಟುಕೊಳ್ಳುತ್ತಿತ್ತು. ಡಾಸ್‌ಗೆ ಹೋಗಿ ಸ್ಕ್ಯಾನ್‌ರೆಗ್ ಎಂದು ಬರೆದು ರಿಸ್ಟೋರ್ ಎಂದರೆ ದಿನಾಂಕಗಳ ಪಟ್ಟಿ ಬರುತ್ತಿತ್ತು, ಬೇಕಾದ್ದನ್ನು ಆರಿಸಿಕೊಂಡರಾಯಿತು. 1992ರ ವಿಂಡೋಸ್ 3.1ರಲ್ಲಿ ಚಿಕ್ಕದಾಗಿ ಹುಟ್ಟಿದ ರಿಜಿಸ್ಟ್ರಿ ವಿಂಡೋಸ್ 95ರ ಹೊತ್ತಿಗೆ ಎಲ್ಲದರ ಆಧಾರವಾಯಿತು, ಅದಕ್ಕೆ ಮೊದಲು ಇಂಥ ಮಾಹಿತಿಯೆಲ್ಲ ಬಿಡಿಬಿಡಿ ಐಎನ್‌ಐ ಕಡತಗಳಲ್ಲಿ ಇರುತ್ತಿತ್ತು ಎಂಬುದನ್ನೂ ಅವರಿಂದಲೇ ಕೇಳಿದೆ. ಚಹಾ ತರಿಸಿ ಇಷ್ಟೆಲ್ಲ ಹೇಳುವ ರಿಪೇರಿಯವರು ಎಲ್ಲಿದ್ದಾರೆ?

ಕಾರಣವನ್ನೂ ಅವರು ಹಾಗೆಯೇ ಬಿಡಲಿಲ್ಲ. ವಿದ್ಯುತ್ ಹೋದದ್ದು ನಿಮಿತ್ತ ಮಾತ್ರ, ಡಿಸ್ಕೇ ಸವೆಯುತ್ತಿತ್ತು ಎಂದು ಅದರ ಆರೋಗ್ಯದ ವರದಿ ತೆಗೆದು ತೋರಿಸಿದರು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಾಲಿನ ಮುಂದೆ ಹಳದಿ ಗುರುತಿತ್ತು. ರಿಜಿಸ್ಟ್ರಿಯನ್ನು ಸರಿಪಡಿಸಿ ಅದೇ ಡಿಸ್ಕಿನಲ್ಲಿ ಕೊಟ್ಟಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಅಲ್ಲಿಗೇ ಹೋಗಬೇಕಾಗುತ್ತಿತ್ತು. ಎಸ್‌ಎಸ್‌ಡಿ ಕೊಳ್ಳಲೇಬೇಕೆಂದು ಒತ್ತಾಯಿಸಲಿಲ್ಲ. ಬೇರೆ ಕಡೆಯಿಂದ ತಂದುಕೊಟ್ಟರೂ ಹಾಕಿಕೊಡುತ್ತೇನೆ ಎಂದರು. ನಾನು ಅವರಿಂದಲೇ ತೆಗೆದುಕೊಂಡೆ.

ದುರಸ್ತಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಆಮೇಲೆ ಮಾಡಿಕೊಟ್ಟ ಬ್ಯಾಕಪ್ ವ್ಯವಸ್ಥೆಗೆ. ಇದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು, ಪ್ರತ್ಯೇಕ ಶುಲ್ಕವೂ ಇದೆ. ಮೊದಲನೆಯದಾಗಿ, ರೆಗ್‌ಬ್ಯಾಕಿಗೆ ಪ್ರತಿ ಬೀಳುವ ಹಳೆಯ ಪದ್ಧತಿಯನ್ನು ಮತ್ತೆ ಜೀವಂತಗೊಳಿಸಿದರು. ರಿಜಿಸ್ಟ್ರಿಯಲ್ಲಿಯೇ ಸೆಷನ್ ಮ್ಯಾನೇಜರಿನ ಕೆಳಗೆ, ಕಾನ್ಫಿಗರೇಷನ್ ಮ್ಯಾನೇಜರ್ ಎಂಬಲ್ಲಿ, ಎನೇಬಲ್ ಪಿರಿಯಾಡಿಕ್ ಬ್ಯಾಕಪ್ ಎಂಬ ಹೆಸರಿನ ಒಂದು ಮೌಲ್ಯವನ್ನು ಸೃಷ್ಟಿಸಿ 1 ಎಂದು ಕೊಟ್ಟು ರಿಸ್ಟಾರ್ಟ್ ಮಾಡಬೇಕು. ಹೆಸರನ್ನು ನಡುವೆ ಜಾಗ ಬಿಡದೆ ಬರೆಯಬೇಕು. ಇದು ಮೈಕ್ರೋಸಾಫ್ಟ್ ಪ್ರಕಟಿಸಿರುವ ವಿಧಾನವೇ. ಆದರೆ ಆ ಪ್ರತಿ ಬೀಳುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಹೋದರೆ ಪ್ರತಿಯೂ ಹೋಯಿತು. ಆದ್ದರಿಂದ ಎರಡನೆಯದಾಗಿ, ವಾರಕ್ಕೊಮ್ಮೆ ರಿಜಿಸ್ಟ್ರಿಯ ಕಡತಗಳನ್ನು ದಿನಾಂಕದ ಹೆಸರಿನ ಫೋಲ್ಡರಿಗೆ, ಹೊರಗಿನ ಡಿಸ್ಕಿಗೆ ಉಳಿಸುವ ಒಂದು ಚಿಕ್ಕ ಬ್ಯಾಚ್ ಫೈಲ್ ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ ಕೊಟ್ಟರು. ರಿಜಿಸ್ಟ್ರಿ ಎಡಿಟರಿನ ಎಕ್ಸ್‌ಪೋರ್ಟ್ ಸಾಲದೇ ಎಂದು ನಾನು ಕೇಳಿದೆ. ಒಂದು ಕೊಂಬೆಯನ್ನು ತಿದ್ದುವ ಮೊದಲು ಅದನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಹಾಗೆ ತೆಗೆದ ಫೈಲನ್ನು ಮತ್ತೆ ಹಾಕಿದಾಗ ಅದು ಇರುವುದರ ಜೊತೆಗೆ ಬೆರೆಯುತ್ತದೆ, ಹೊಸದಾಗಿ ಸೇರಿಕೊಂಡ ಕಸವನ್ನು ತೆಗೆಯುವುದಿಲ್ಲ. ಅಲ್ಲದೆ ವಿಂಡೋಸ್ ಏಳದೇ ಇದ್ದಾಗ ಅದನ್ನು ಹಾಕುವುದೂ ಸುಲಭವಲ್ಲ ಎಂದರು. ಮೂರನೆಯದು, ಇಡೀ ಡಿಸ್ಕನ್ನು ಇದ್ದ ಹಾಗೆ ಹಿಡಿದಿಡುವ ಇಮೇಜ್, ತಿಂಗಳಿಗೊಮ್ಮೆ.

ಇಷ್ಟಾದ ಮೇಲೆ ನನ್ನನ್ನೇ ಕೂರಿಸಿ ಮರಳಿ ಹಾಕಿಸಿದರು. ನನ್ನ ಯಂತ್ರದ ಇಮೇಜನ್ನು ಇನ್ನೊಂದು ಖಾಲಿ ಡಿಸ್ಕಿಗೆ ಇಳಿಸಿ, ಅದರ ಸಿಸ್ಟಮ್ ಕಡತವನ್ನು ಬೇಕೆಂದೇ ಹೆಸರು ಬದಲಿಸಿ ಕೆಡಿಸಿ, ಅದೇ ನೀಲಿ ಪರದೆಯನ್ನು ಬರಿಸಿ, ‘ಈಗ ನೀವು ಎಬ್ಬಿಸಿ’ ಎಂದರು. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿ, ಕಪ್ಪು ಕಿಟಕಿಯಲ್ಲಿ ಡ್ರೈವಿನ ಅಕ್ಷರ ಹುಡುಕಿ, ಹೊರಗಿನ ಡಿಸ್ಕಿನಿಂದ ಕಡತವನ್ನು ತಂದು ಹಾಕಿದೆ. ಯಂತ್ರ ಎದ್ದಿತು. ಕೈಬರಹದಲ್ಲಿ ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನೂ ಕೊಟ್ಟಿದ್ದಾರೆ, ಅದು ಲ್ಯಾಮಿನೇಟ್ ಆಗಿ ನನ್ನ ಮೇಜಿನ ಮೇಲಿದೆ. ಬ್ಯಾಕಪ್ ಮಾಡಿಕೊಡುವವರು ಬಹಳ ಜನ ಸಿಗುತ್ತಾರೆ. ಮರಳಿ ಹಾಕುವುದನ್ನು ಗ್ರಾಹಕರ ಕೈಯಲ್ಲೇ ಮಾಡಿಸಿ ಕಳಿಸುವವರನ್ನು ನಾನು ಇಲ್ಲಿ ಮಾತ್ರ ಕಂಡದ್ದು.

ರಿಜಿಸ್ಟ್ರಿ ಕ್ಲೀನರ್ ಹಾಕಿದರೆ ಮುಂದೆ ಹೀಗಾಗುವುದಿಲ್ಲವೇ ಎಂದು ಪಕ್ಕದಲ್ಲಿ ಕುಳಿತಿದ್ದ ಗ್ರಾಹಕರೊಬ್ಬರು ಕೇಳಿದರು. ಬೇಡವೇ ಬೇಡ ಎಂದರು. ಇಂಥ ಉಪಕರಣಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ನಿರುಪಯೋಗಿ ಎಂದು ಅದು ಅಳಿಸಿದ ಸಾಲು ಯಾವುದೋ ಹಳೆಯ ತಂತ್ರಾಂಶಕ್ಕೆ ಬೇಕಾದದ್ದೇ ಆಗಿರಬಹುದು. ಪೇಜ್‌ಮೇಕರ್ ನಂಬಿಕೊಂಡ ನನಗಂತೂ ಈ ಮಾತು ಚೆನ್ನಾಗಿ ಮನವರಿಕೆಯಾಯಿತು.

ಇನ್ನು ಕೊರತೆಗಳು, ಅವೂ ಇವೆ. ಬಹು ಮುಖ್ಯವಾದದ್ದು ಗ್ರಾಹಕರ ಮಾಹಿತಿಗೆ ಸಂಬಂಧಿಸಿದ್ದು. ನನ್ನ ಡಿಸ್ಕಿನ ಪೂರ್ತಿ ನಕಲು ಅವರ ಅಂಗಡಿಯಲ್ಲಿ ಉಳಿಯಿತು. ಅದರಲ್ಲಿ ಸಂಘಗಳ ಸದಸ್ಯರ ಹೆಸರು, ಸಾಲದ ಬಾಕಿ ಎಲ್ಲ ಇವೆ; ಸ್ಯಾಮ್ ಕಡತದಲ್ಲಿ ಲಾಗಿನ್ ಪಾಸ್‌ವರ್ಡುಗಳ ಹ್ಯಾಶ್ (ಗುಪ್ತರೂಪ) ಇರುತ್ತದೆ. ಕೆಲಸ ಸರಿಯಾಗಿದೆ ಎಂದು ಗ್ರಾಹಕರು ಹೇಳುವವರೆಗೆ ನಕಲನ್ನು ಇಟ್ಟುಕೊಂಡು ಆಮೇಲೆ ಅಳಿಸುವುದು ಅವರ ರೂಢಿ. ನಾನು ಕೇಳಿದ್ದಕ್ಕೆ ಎದುರಿಗೇ ಅಳಿಸಿದರು. ಆದರೆ ಕೇಳದವರದ್ದು ಎಷ್ಟು ಕಾಲ ಇರುತ್ತದೆ, ಅಂಗಡಿಗೆ ಬರುವ ಹುಡುಗರ ಕೈಗೆ ಸಿಗುತ್ತದೆಯೇ ಎಂಬುದಕ್ಕೆ ಬರೆದಿಟ್ಟ ನಿಯಮವಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಇದನ್ನೂ ಒಂದು ಚೀಟಿಯಲ್ಲಿ ಮುದ್ರಿಸಿ ಕೊಡಬೇಕು. ಬೇಕಾದರೆ ಆ ಚೀಟಿಯನ್ನು ನಾನೇ ಕಂಪೋಸ್ ಮಾಡಿಕೊಡುತ್ತೇನೆ ಎಂದಿದ್ದೇನೆ.

ಬಿಲ್ಲಿನಲ್ಲಿ ‘ಸಾಫ್ಟ್‌ವೇರ್ ಸರ್ವಿಸ್’ ಎಂದಷ್ಟೇ ಬರೆಯುತ್ತಾರೆ. ಇಷ್ಟೆಲ್ಲ ಮಾಡಿದ್ದನ್ನು ನಾಲ್ಕು ಸಾಲು ವಿವರಿಸಿದರೆ ಮುಂದೆ ಬೇರೆಯವರು ಯಂತ್ರ ತೆರೆದಾಗ ಅನುಕೂಲ. ಫೋನ್ ಎತ್ತುವುದು ಅಪರೂಪ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಮತ್ತೆ ಯಾವಾಗ ತೆರೆಯುತ್ತದೆ ಎಂಬ ಫಲಕವಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಸಿಪಿಯು ಹೊತ್ತು ಬಂದವರು ಮೆಟ್ಟಿಲ ಮೇಲೆ ಕಾಯಬೇಕಾಗುತ್ತದೆ. ಆ ಮೆಟ್ಟಿಲುಗಳೂ ಕಿರಿದು, ಕಡಿದು, ಮಳೆಗಾಲದಲ್ಲಿ ಪಾಚಿ ಕಟ್ಟುತ್ತವೆ. ವಯಸ್ಸಾದವರು ಕೆಳಗಿನಿಂದಲೇ ಕೂಗಿದರೆ ಹುಡುಗ ಬಂದು ಎತ್ತಿಕೊಂಡು ಹೋಗುತ್ತಾನೆ.

ದುರಸ್ತಿ ಮತ್ತು ನಕಲಿಗೆ ನನ್ನಿಂದ 1,800 ರೂಪಾಯಿ ತೆಗೆದುಕೊಂಡರು, ಬ್ಯಾಕಪ್ ವ್ಯವಸ್ಥೆಗೆ 600. ಎಸ್‌ಎಸ್‌ಡಿಯ ಬೆಲೆ ಬೇರೆ. ಫಾರ್ಮ್ಯಾಟ್ ಮಾಡುವ ಅಂಗಡಿಗಳ ದರಕ್ಕೆ ಹೋಲಿಸಿದರೆ ಇದು ಕೆಲವು ಪಟ್ಟು ಹೆಚ್ಚು. ಕೆಲಸಕ್ಕೆ ಹಿಡಿಯುವ ಸಮಯವೂ ಹೆಚ್ಚು, ಸಂಜೆ ಬನ್ನಿ ಎನ್ನುವ ಜಾಗವಲ್ಲ ಇದು. ಡಿಸ್ಕಿನ ನಕಲಿಗೇ ಒಂದು ರಾತ್ರಿ ಬೇಕಾಗಬಹುದು. ಯಂತ್ರದಲ್ಲಿ ಸಿನಿಮಾ ನೋಡುವುದಷ್ಟೇ ಕೆಲಸವಾಗಿದ್ದರೆ ಇಲ್ಲಿಗೆ ಬರುವ ಅಗತ್ಯವಿಲ್ಲ. ಲೆಕ್ಕಪತ್ರ, ಡಿಟಿಪಿ, ಸ್ಟುಡಿಯೋ, ಆಸ್ಪತ್ರೆಯ ದಾಖಲೆಗಳಂಥ ಕೆಲಸ ನಡೆಯುವ, ಮತ್ತೆ ಹೊಸದಾಗಿ ಕಟ್ಟಲು ವಾರಗಟ್ಟಲೆ ಹಿಡಿಯುವ ಯಂತ್ರವಾಗಿದ್ದರೆ ಧೈರ್ಯವಾಗಿ ತನ್ನಿ.

ತರುವಾಗ ಇಷ್ಟನ್ನು ಜೊತೆಗಿಟ್ಟುಕೊಳ್ಳಿ. ದೋಷದ ಪರದೆಯ ಸ್ಪಷ್ಟವಾದ ಫೋಟೋ. ಯಂತ್ರ ಕೆಡುವುದಕ್ಕೆ ಮೊದಲು ಹೊಸದಾಗಿ ಹಾಕಿದ ತಂತ್ರಾಂಶ, ಫಾಂಟ್, ಪ್ರಿಂಟರುಗಳ ಪಟ್ಟಿ, ನೆನಪಿದ್ದಷ್ಟು. ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಅದರ ಡಿಸ್ಕ್, ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ ವಿಂಡೋಸಿನ ಬಿಟ್‌ಲಾಕರಿನಿಂದ ಬೀಗ ಹಾಕಿದ ಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು. ಅದರ 48 ಅಂಕಿಗಳ ರಿಕವರಿ ಕೀ ಇಲ್ಲದೆ ಅವರಿಗೂ ರಿಜಿಸ್ಟ್ರಿಯ ಕಡತಗಳನ್ನು ತೆರೆಯಲಾಗುವುದಿಲ್ಲ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವಾಗಲೇ ಮೊಬೈಲಿನಲ್ಲಿ ತೆರೆದು, ಕಾಗದದ ಮೇಲೆ ಬರೆದುಕೊಂಡು ಬನ್ನಿ. ಅಂಗಡಿಯ ಒಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ.